ಮೊದಲ ಸಾಬೂನು ಯಾವ ವಿಧಾನದಲ್ಲಿ ಮಾಡಬೇಕು? ನಮ್ಮ ಬಿಸಿಲಿಗೆ, ನಮ್ಮ ಬೋರ್ ನೀರಿಗೆ ಹೊಂದುವ ಆಯ್ಕೆಗಳು

ಮನೆಯಲ್ಲಿ ಸಾಬೂನು ಮಾಡಬೇಕು ಎಂದು ಹೊರಟವರು ಮೊದಲು ಹುಡುಕುವುದು ಅಳತೆಯನ್ನು: ಯಾವ ಎಣ್ಣೆ ಎಷ್ಟು, ಸೋಡಾ ಎಷ್ಟು. ಅಳತೆ ಆಮೇಲೆ ಸಿಗುತ್ತದೆ. ಅದಕ್ಕೂ ಮೊದಲು ಮೂರು ಸಂಗತಿ ನೋಡಿಕೊಳ್ಳಿ. ನಿಮ್ಮ ಬಚ್ಚಲಿಗೆ ಬರುವ ನೀರು ಕಾಲುವೆಯದೋ ಬೋರಿನದೋ? ಈಗ ಚಳಿಗಾಲವೋ ಬೇಸಿಗೆಯೋ? ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳು ಮನೆಯಲ್ಲಿದ್ದಾರೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ವಿಧಾನ ಎಂಬ ಪ್ರಶ್ನೆ ಮುಕ್ಕಾಲು ಭಾಗ ಬಗೆಹರಿದಂತೆ.

ನಮಗೆ ಸಿಗುವ ಅಳತೆಗಳಲ್ಲಿ ಹೆಚ್ಚಿನವು ತಂಪು ದೇಶಗಳಿಂದ ಬಂದವು. ಅಲ್ಲಿಯವರು ಆಲಿವ್ ಎಣ್ಣೆ ಬಳಸುತ್ತಾರೆ, ಅವರ ಕೋಣೆ 20 ಡಿಗ್ರಿ ಇರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಗಡಿಯಲ್ಲಿ ಸಿಗುವುದು ಶೇಂಗಾ, ಕುಸುಬಿ, ಸೂರ್ಯಕಾಂತಿ ಎಣ್ಣೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕಾಲುವೆ ನೀರಾದರೂ ಇದೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಎಷ್ಟೋ ಹಳ್ಳಿಗಳಲ್ಲಿ ಬೋರೇ ಗತಿ. ಅಂಥ ಕಡೆ ಯಾರದೋ ಅಳತೆಯನ್ನು ಹಾಗೇ ಎತ್ತಿಕೊಂಡು ಮಾಡಿದರೆ ಸಾಬೂನು ಆಗುತ್ತದೆ, ಆದರೆ ಮೈಮೇಲೆ ನೊರೆ ಬರುವುದಿಲ್ಲ. ಆಗ ಹೊಸಬರು ತಪ್ಪು ತಮ್ಮದೇ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದು ನನಗೆ ಬೇಸರದ ಸಂಗತಿ.

ಕಾಸ್ಟಿಕ್ ಸೋಡಾ ಬಿಟ್ಟು ಸಾಬೂನಿಲ್ಲ

ಎಣ್ಣೆಯೂ ಕಾಸ್ಟಿಕ್ ಸೋಡಾ ಕರಗಿದ ನೀರೂ ಸೇರಿ ಬದಲಾದಾಗ ಸಾಬೂನು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಲೆಕ್ಕ ಸರಿಯಾಗಿದ್ದರೆ ಕೊನೆಗೆ ಸೋಡಾ ಉಳಿಯುವುದಿಲ್ಲ, ಎಲ್ಲವೂ ಎಣ್ಣೆಯೊಂದಿಗೆ ತೀರಿಹೋಗಿರುತ್ತದೆ. ಗಟ್ಟಿ ಸಾಬೂನಿಗೆ ಬೇರೆ ದಾರಿ ಇಲ್ಲ. ‘ಕೆಮಿಕಲ್ ಇಲ್ಲದ ಸೋಪು’ ಎಂದು ಯಾರಾದರೂ ಕಲಿಸಿದರೆ, ಸೋಡಾದ ಕೆಲಸವನ್ನು ಕಾರ್ಖಾನೆ ಮೊದಲೇ ಮುಗಿಸಿಕೊಟ್ಟಿದೆ ಎಂದಷ್ಟೇ ಅರ್ಥ.

ಅಂಗಡಿಯಲ್ಲಿ ಬರೀ ಸೋಡಾ ಎಂದು ಕೇಳಬೇಡಿ. ಭಜಿಗೆ ಹಾಕುವ ಅಡುಗೆ ಸೋಡಾ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ. ಅವೆರಡರಿಂದಲೂ ಎಣ್ಣೆ ಸಾಬೂನಾಗುವುದಿಲ್ಲ. ನಮಗೆ ಬೇಕಾದದ್ದು ಸೋಡಿಯಂ ಹೈಡ್ರಾಕ್ಸೈಡ್. ಕೆಮಿಕಲ್ ಅಂಗಡಿಗಳಲ್ಲಿ ಕಾಸ್ಟಿಕ್ ಸೋಡಾ ಫ್ಲೇಕ್ಸ್ ಎಂಬ ಹೆಸರಿನಲ್ಲಿ ಬಿಳಿ ಹಳುಕಿನ ರೂಪದಲ್ಲಿ ಸಿಗುತ್ತದೆ. ಚೀಲದ ಮೇಲೆ ಶುದ್ಧತೆ 97 ರಿಂದ 99 ಪ್ರತಿಶತ ಎಂದಿರಬೇಕು. ಕಟ್ಟಿದ ಪೈಪು ಬಿಡಿಸುವ ಪುಡಿಯನ್ನು ಮಾತ್ರ ತರಬೇಡಿ, ಅದರಲ್ಲಿ ಬೇರೆ ಪದಾರ್ಥ ಬೆರೆತಿರಬಹುದು.

ನಾಲ್ಕು ದಾರಿಗಳು

ಮೊದಲನೆಯದು ಬೇಸ್ ಕರಗಿಸಿ ಅಚ್ಚಿಗೆ ಸುರಿಯುವುದು. ಸೋಪ್ ಬೇಸ್ ಎಂದು ಗಟ್ಟಿ ಇಟ್ಟಿಗೆಯ ರೂಪದಲ್ಲಿ ಸಿಗುವುದು ಆಗಲೇ ಸಾಬೂನು. ತುಂಡು ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಣ್ಣ, ಪರಿಮಳ ಹಾಕಿ ಸುರಿದರೆ ಒಂದೆರಡು ತಾಸಿನಲ್ಲಿ ಗಟ್ಟಿಯಾಗುತ್ತದೆ, ಅದೇ ದಿನ ಬಳಸಬಹುದು. ಕಾಸ್ಟಿಕ್ ಮುಟ್ಟುವ ಪ್ರಮೇಯವೇ ಇಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಬೇರೆ ಜಾಗ ಇಲ್ಲದವರಿಗೆ ನನ್ನ ಸಲಹೆ ಇದೇ, ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ಆದರೆ ಇದರಲ್ಲಿ ಎಣ್ಣೆಯ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಗಡಸು ನೀರಿಗೆ ಹೊಂದಿಸಿಕೊಳ್ಳಲೂ ಆಗುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಮೇಲೆಲ್ಲ ಹನಿ ಒಡೆಯುತ್ತದೆ, ಹಾಗಾಗಿ ಗಟ್ಟಿಯಾದ ಕೂಡಲೇ ಪ್ಲಾಸ್ಟಿಕ್ ಹಾಳೆ ಸುತ್ತಿಡಬೇಕು. ವಿಡಿಯೋಗಳಲ್ಲಿ ತೋರಿಸುವಂತೆ ಹಸಿ ಲೋಳೆಸರ, ಅರೆದ ಬೇವಿನ ಸೊಪ್ಪು, ಟೊಮೆಟೊ ರಸ, ಹಾಲು ಇವನ್ನೆಲ್ಲ ಬೇಸ್‌ಗೆ ಹಾಕಬೇಡಿ. ಕೆಲವು ವಾರಗಳಲ್ಲಿ ಬೂಸು ಹಿಡಿಯುತ್ತದೆ, ವಾಸನೆ ಬರುತ್ತದೆ. ಒಣಗಿದ ಕಸ್ತೂರಿ ಅರಿಶಿಣವೋ ಮುಲ್ತಾನಿ ಮಿಟ್ಟಿಯೋ ಒಂದು ಚಮಚ ಸಾಕು.

ಎರಡನೆಯದು ಹಳೆ ಸಾಬೂನು ತುರಿದು ಕರಗಿಸುವುದು. ಇದು ಹೊಸಬರ ದಾರಿ ಅಲ್ಲ, ಆಕಾರ ಕೆಟ್ಟ ಸಾಬೂನನ್ನು ಉಳಿಸಿಕೊಳ್ಳುವ ಉಪಾಯ. ಅಂಗಡಿಯ ಸೋಪು ತಂದು ತುರಿದು ಮತ್ತೆ ಸೋಪು ಮಾಡುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ.

ಮೂರನೆಯದು ಕೋಲ್ಡ್ ಪ್ರೊಸೆಸ್, ಅಂದರೆ ಒಲೆಯ ಮೇಲೆ ಕುದಿಸದೆ ಮಾಡುವ ವಿಧಾನ. ಸೋಡಾ ನೀರನ್ನೂ ಎಣ್ಣೆಯನ್ನೂ ಉಗುರುಬೆಚ್ಚಗೆ ಇರುವಾಗ ಬೆರೆಸಿ, ಗಟ್ಟಿಯಾಗುತ್ತ ಬಂದಾಗ ಅಚ್ಚಿಗೆ ಸುರಿಯುತ್ತೀರಿ. ಉಳಿದದ್ದನ್ನು ಅದರೊಳಗೇ ಹುಟ್ಟುವ ಶಾಖ ಮಾಡಿ ಮುಗಿಸುತ್ತದೆ. ಒಂದೆರಡು ದಿನಕ್ಕೆ ಕತ್ತರಿಸಬಹುದು. ಬಳಸಲು ಮಾತ್ರ ನಾಲ್ಕರಿಂದ ಆರು ವಾರ ಕಾಯಬೇಕು. ನುಣುಪಾದ, ನೋಡಲು ಚಂದದ ಸಾಬೂನು ಇದರಲ್ಲೇ ಬರುವುದು.

ನಾಲ್ಕನೆಯದು ಹಾಟ್ ಪ್ರೊಸೆಸ್. ಬೆರೆಸುವವರೆಗೂ ಮೂರನೆಯದರಂತೆಯೇ. ಆಮೇಲೆ ಸ್ಟೀಲ್ ಪಾತ್ರೆಯನ್ನು ಇನ್ನೊಂದು ನೀರಿನ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಒಂದರಿಂದ ಎರಡು ತಾಸು ಬೇಯಿಸುತ್ತೀರಿ. ಮೊದಲು ಉಬ್ಬುತ್ತದೆ, ಆಮೇಲೆ ಎಣ್ಣೆ, ನೀರು ಬೇರೆಯಾದಂತೆ ಕಾಣುತ್ತದೆ, ಕೊನೆಗೆ ಇಡೀ ಮಿಶ್ರಣ ಹೊಳಪಿನ, ಅರೆಪಾರದರ್ಶಕ ಮುದ್ದೆಯಾಗುತ್ತದೆ. ಉಬ್ಬುವುದರಿಂದ ಪಾತ್ರೆ ಮಿಶ್ರಣದ ಎರಡು ಮೂರು ಪಟ್ಟು ದೊಡ್ಡದಿರಲಿ. ಪರಿಮಳವನ್ನು ಬೆಂದ ಮೇಲೆ ಹಾಕುವುದರಿಂದ ಸೋಡಾ ಅದನ್ನು ಹಾಳುಮಾಡುವುದಿಲ್ಲ. ಸಾಬೂನು ಒರಟಾಗಿ, ಹಳ್ಳಿಯ ಸಾಬೂನಿನಂತೆ ಕಾಣುತ್ತದೆ. ಒಂದೆರಡು ವಾರ ಒಣಗಿಸಿದರೆ ಬಳಕೆಗೆ ಸಿದ್ಧ.

ಯಾವ ತಿಂಗಳಿಗೆ ಯಾವುದು

‘ಅಕ್ಕಾ, ಬ್ಯಾಸಿಗ್ಯಾಗ ಮಾಡಿದ್ರ ನಡಿತದೇನ್ರಿ?’ ಎಂದು ಓಣಿಯ ಹೆಣ್ಣುಮಕ್ಕಳು ಕೇಳುತ್ತಾರೆ. ನಡೆಯುತ್ತದೆ. ಆದರೆ ಯಾವ ವಿಧಾನ ಎಂಬುದರ ಮೇಲೆ ಇದೆ.

ಕಾಸ್ಟಿಕ್ ಹಳುಕು ನೀರಿಗೆ ಬಿದ್ದಾಗ ತಾನಾಗಿಯೇ ಕಾದು 80–90 ಡಿಗ್ರಿವರೆಗೂ ಏರುತ್ತದೆ. ತಂಪು ಊರಿನಲ್ಲಿ ಅದು ತಾಸಿನಲ್ಲಿ ಆರಿ ಬೆಚ್ಚಗಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಮನೆಯೊಳಗಿನ ನೀರೇ 35 ಡಿಗ್ರಿ ಇರುವಾಗ ಅದು ಆರುವುದೇ ಇಲ್ಲ. ಬಿಸಿ ಬಿಸಿಯಾಗಿ ಬೆರೆಸಿದರೆ ಎರಡೇ ನಿಮಿಷದಲ್ಲಿ ಗಟ್ಟಿಯಾಗಿ ಅಚ್ಚಿಗೆ ಸುರಿಯಲೂ ಬಿಡುವುದಿಲ್ಲ. ಅಚ್ಚಿನೊಳಗೆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಮೇಲ್ಭಾಗ ಬಿರಿಯುತ್ತದೆ, ಕೆಲವೊಮ್ಮೆ ಉಕ್ಕಿ ಹೊರಗೇ ಬರುತ್ತದೆ. ಜೇನು, ಬೆಲ್ಲ, ಹಾಲು ಹಾಕಿದ್ದರೆ ಅವುಗಳಲ್ಲಿನ ಸಕ್ಕರೆ ಶಾಖವನ್ನು ಇನ್ನೂ ಹೆಚ್ಚಿಸುತ್ತದೆ.

ಹೀಗಾಗಿ ನನ್ನ ಲೆಕ್ಕ ಇಷ್ಟು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಕೋಲ್ಡ್ ಪ್ರೊಸೆಸ್‌ಗೆ ನಮ್ಮ ಕಡೆ ಹೇಳಿ ಮಾಡಿಸಿದ ಕಾಲ. ಬೆಳಗಿನ ಹೊತ್ತು ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಕೋಣೆ ಸುಮಾರು 24 ಡಿಗ್ರಿಗಿಂತ ಕೆಳಗಿದೆ ಎಂದು ಥರ್ಮಾಮೀಟರ್ ಇಲ್ಲದೆಯೂ ಗೊತ್ತಾಗುತ್ತದೆ. ಶಿವರಾತ್ರಿ ದಾಟಿದ ಮೇಲೆ ಮಳೆ ಹಿಡಿಯುವವರೆಗೆ ಮೊದಲ ಸಲ ಮಾಡುವವರು ಹಾಟ್ ಪ್ರೊಸೆಸ್ ಹಿಡಿಯುವುದು ಒಳ್ಳೆಯದು. ಹೇಗೂ ಕಾಯಿಸುವ ವಿಧಾನವಾದ್ದರಿಂದ ಹೊರಗಿನ ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ, ಉರಿ ನಿಮ್ಮ ಕೈಯಲ್ಲೇ ಇರುತ್ತದೆ. ಕಷ್ಟ ಪಡುವುದು ಒಲೆ ಮುಂದೆ ನಿಂತವರು, ಅದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಬೇಸಿಗೆಯಲ್ಲೂ ಕೋಲ್ಡ್ ಪ್ರೊಸೆಸ್ಸೇ ಬೇಕು ಎನ್ನುವವರು ಶುದ್ಧ ನೀರನ್ನು ಫ್ರಿಜ್‌ನಲ್ಲಿ ಮಂಜುಗಡ್ಡೆ ಮಾಡಿಕೊಂಡು, ಅದರ ಮೇಲೆ ಹಳುಕನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಬಹುದು. ಒಂದು ಹಳುಕೂ ಉಳಿಯದಂತೆ ಕರಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಸುರಿದ ಮೇಲೆ ಅಚ್ಚಿಗೆ ಟವೆಲ್ ಸುತ್ತಬೇಡಿ. ಚಳಿಗಾಲದಲ್ಲಿ ಸುತ್ತುವುದು ಸರಿ.

ಒಣಗಿಸುವ ವಿಷಯದಲ್ಲಿ ನಮ್ಮ ಒಣ ಹವೆ ದೊಡ್ಡ ಅನುಕೂಲ. ಕರಾವಳಿಯವರು ತೇವದ ಜೊತೆ ಗುದ್ದಾಡುವಾಗ ನಮ್ಮಲ್ಲಿ ನೀರಿನಂಶ ಬೇಗ ಆರುತ್ತದೆ. ಹಾಗೆಂದು ನಾಲ್ಕು ವಾರವನ್ನು ಎರಡಕ್ಕೆ ಇಳಿಸಬೇಡಿ. ನೀರು ಹೋದ ಮೇಲೂ ಸಾಬೂನಿನ ಒಳಗಿನ ಹರಳಿನ ಕಟ್ಟು ಬಿಗಿಯಾಗುತ್ತಲೇ ಇರುತ್ತದೆ. ಕಾದಷ್ಟೂ ಸಾಬೂನು ಗಟ್ಟಿ, ಮೈಗೂ ಮೃದು. ಬಿಸಿಲಿಗಂತೂ ಇಡಬೇಡಿ, ನೆರಳಿನಲ್ಲಿ ಗಾಳಿ ಆಡುವ ಕಡೆ, ಬಿದಿರಿನ ಮೊರದ ಮೇಲೋ ಮರದ ಹಲಗೆಯ ಮೇಲೋ ಒಂದಕ್ಕೊಂದು ತಾಗದಂತೆ ಜೋಡಿಸಿ, ಆಗಾಗ ತಿರುವಿ ಹಾಕಿ. ಕಬ್ಬಿಣದ ಜಾಲರಿ ಬೇಡ.

ನೀರು: ಎಲ್ಲಕ್ಕಿಂತ ಮುಖ್ಯ

ನಮ್ಮ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಬಹಳ. ಸಾಬೂನು ಅವುಗಳ ಜೊತೆ ಸೇರಿದಾಗ ನೊರೆಯ ಬದಲು ಬಿಳಿ ಗಷ್ಟು ಆಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವುದು ಅದೇ, ತಲೆಕೂದಲು ಕಡ್ಡಿಯಂತಾಗುವುದೂ ಅದರಿಂದಲೇ. ನಿಮ್ಮ ನೀರು ಎಂಥದ್ದೆಂದು ತಿಳಿಯಲು ಲ್ಯಾಬ್ ಬೇಡ. ತೊಗರಿ ಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಿದ್ದರೆ ಗಡಸು ನೀರೇ. ಬಾಟಲಿಯಲ್ಲಿ ನೀರು ತುಂಬಿ ಸಾಬೂನಿನ ನಾಲ್ಕು ತುರಿ ಹಾಕಿ ಅಲ್ಲಾಡಿಸಿ. ನೊರೆ ನಿಲ್ಲದೆ ನೀರು ಹಾಲಿನಂತೆ ಕದಡಿದರೆ ಖಾತ್ರಿಯಾಯಿತು.

ಇಂಥ ನೀರಿನಲ್ಲಿ ಸಾಬೂನು ಮಾಡುವುದೂ ಬೇಡ, ಅದು ಸೋಡಾ ನೀರನ್ನೇ ಕದಡಿಸುತ್ತದೆ. ಶುದ್ಧ ನೀರಿನ ಘಟಕದ ಆರ್‌ಒ ನೀರಾದರೂ ಸರಿ. ಪೆಟ್ರೋಲ್ ಬಂಕು, ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ಬ್ಯಾಟರಿಯ ಡಿಸ್ಟಿಲ್ಡ್ ನೀರು ಇನ್ನೂ ಒಳ್ಳೆಯದು. ಬ್ಯಾಟರಿಯ ಆಸಿಡ್ ಅಲ್ಲ, ನೀರು. ಸೀಸೆಯ ಮೇಲಿನ ಹೆಸರು ಎರಡು ಸಲ ಓದಿ.

ಸ್ನಾನಕ್ಕೂ ಅದೇ ಬೋರ್ ನೀರು ಇರುವುದರಿಂದ ಎಣ್ಣೆಯ ಆಯ್ಕೆ ಇಲ್ಲಿ ತಿರುಗುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಗಡಸು ನೀರಿನಲ್ಲೂ, ಸಮುದ್ರದ ಉಪ್ಪು ನೀರಿನಲ್ಲೂ ನೊರೆ ಕೊಡುತ್ತದೆ. ಶೇಂಗಾ, ಸೂರ್ಯಕಾಂತಿಯಂಥವುಗಳ ಸಾಬೂನಿಗೆ ಆ ಶಕ್ತಿಯಿಲ್ಲ. ಆದರೆ ಕೊಬ್ಬರಿಯ ಪಾಲು ಹೆಚ್ಚಾದರೆ ಚರ್ಮ ಒಣಗಿ ಬಿಗಿಯುತ್ತದೆ. ಜನವರಿ, ಫೆಬ್ರುವರಿಯ ಒಣ ಗಾಳಿಗೆ ತುಟಿ, ಹಿಮ್ಮಡಿ ಒಡೆಯುವ ನಮ್ಮ ಕಡೆ ಇದು ಸಣ್ಣ ಸಮಸ್ಯೆಯಲ್ಲ. ಕಾಲುವೆ ನೀರಿನ ಮನೆಗೆ ಕೊಬ್ಬರಿ 25–30 ಪ್ರತಿಶತ ಸಾಕು. ಬೋರ್ ನೀರಿನ ಮನೆಗೆ 40 ಇರಲಿ, ಅದಕ್ಕೆ ಜೊತೆಯಾಗಿ ಎಣ್ಣೆಯ ಸ್ವಲ್ಪ ಭಾಗ ಸಾಬೂನಾಗದೆ ಉಳಿಯುವಂತೆ ಸೋಡಾವನ್ನು ಲೆಕ್ಕಕ್ಕಿಂತ 5–7 ಪ್ರತಿಶತ ಕಡಿಮೆ ಹಾಕಿ. ಉಳಿದ ಆ ಎಣ್ಣೆಯೇ ಚರ್ಮಕ್ಕೆ ರಕ್ಷಣೆ, ನಿಮ್ಮ ತೂಕದ ಸಣ್ಣಪುಟ್ಟ ವ್ಯತ್ಯಾಸಕ್ಕೂ ಅದೇ ರಕ್ಷಣೆ.

ಎಣ್ಣೆಗಳಲ್ಲಿ ಯಾವುದು

ನಮ್ಮ ಹೊಲಗಳ ಎಣ್ಣೆಗಳ ಮೇಲೆ ನನಗೆ ಬಹಳ ಅಭಿಮಾನ, ಆದರೂ ಸಾಬೂನಿಗೆ ಎಲ್ಲವೂ ಸಮ ಅಲ್ಲ ಎಂದು ಹೇಳಲೇಬೇಕು. ಕುಸುಬಿ, ಸೂರ್ಯಕಾಂತಿ, ಹತ್ತಿಬೀಜದ ಎಣ್ಣೆಗಳಲ್ಲಿ ಲಿನೋಲಿಕ್ ಆಮ್ಲ ಎಂಬ, ಬೇಗ ಕೆಡುವ ಕೊಬ್ಬಿನಂಶ ಹೆಚ್ಚು. ಅವುಗಳ ಸಾಬೂನು ಮೆತ್ತಗಾಗುತ್ತದೆ, ನೀರಿನಲ್ಲಿ ಬೇಗ ಕರಗುತ್ತದೆ. ಮುಖ್ಯವಾಗಿ ನಮ್ಮ ಬೇಸಿಗೆಯ ಶಾಖಕ್ಕೆ ಕೆಲವೇ ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಬಿದ್ದು ಕಮಟು ವಾಸನೆ ಹೊಡೆಯುತ್ತದೆ. ಇವನ್ನು ಒಟ್ಟು ಎಣ್ಣೆಯ 10–15 ಪ್ರತಿಶತ ಮೀರಿಸಬೇಡಿ.

ಶೇಂಗಾ ಎಣ್ಣೆ ಇವಕ್ಕಿಂತ ಬಾಳಿಕೆಯದು, ಚರ್ಮಕ್ಕೆ ಮೃದು, ನೊರೆ ಕಡಿಮೆ. ಆಲಿವ್ ಎಣ್ಣೆಯ ಜಾಗದಲ್ಲಿ ನಮ್ಮ ಕಡೆಯವರು ಇದನ್ನೇ ಬಳಸಿ. ಗಂಗಾವತಿ, ಕಾರಟಗಿ, ಸಿಂಧನೂರು ಅಕ್ಕಿ ಗಿರಣಿಗಳ ಸೀಮೆ. ಅಕ್ಕಿ ತೌಡಿನ ಎಣ್ಣೆಯೂ ಒಳ್ಳೆಯದೇ, ಶೇಂಗಾದ ಅರ್ಧ ಪಾಲನ್ನು ಇದರಿಂದ ತುಂಬಬಹುದು. ಅದಕ್ಕೆ ಸೋಡಾ ತುಸು ಕಡಿಮೆ ಬೇಕಾಗುತ್ತದೆ. ಔಡಲೆಣ್ಣೆ 5ರಿಂದ 10 ಪ್ರತಿಶತ ಇದ್ದರೆ ನೊರೆ ದಪ್ಪವಾಗಿ ನಿಲ್ಲುತ್ತದೆ, ಹೆಚ್ಚಾದರೆ ಸಾಬೂನು ಅಂಟಂಟು. ಬೇವಿನ ಎಣ್ಣೆಯನ್ನು 10ರ ಮೇಲೆ ಹಾಕಿದರೆ ಇಡೀ ಮನೆಗೆ ಅದರದ್ದೇ ವಾಸನೆ, ಯಾವ ಪರಿಮಳವೂ ಅದನ್ನು ಮುಚ್ಚುವುದಿಲ್ಲ.

ಗಾಣದ ಎಣ್ಣೆಯೋ ರಿಫೈನ್ಡ್ ಎಣ್ಣೆಯೋ ಎಂದು ಕೇಳಿದರೆ, ಗಾಣದ್ದನ್ನು ಊಟಕ್ಕೆ ಇಟ್ಟುಕೊಳ್ಳಿ. ಅದರ ಘಮ, ಗುಣದ ಬಹುಭಾಗ ಕಾಸ್ಟಿಕ್ ಮುಂದೆ ಉಳಿಯುವುದಿಲ್ಲ, ಕೊಟ್ಟ ದುಡ್ಡು ಮಾತ್ರ ಹೋಗುತ್ತದೆ. 2025ರಲ್ಲಿ ಕೊಬ್ಬರಿ ಎಣ್ಣೆಯ ದರ ಏರಿದ ಪರಿ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಬೋರ್ ನೀರಿನ ಮನೆಗೆ ಒಂದು ಅಳತೆ

ಕೊಬ್ಬರಿ ಎಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 250 ಗ್ರಾಂ, ಔಡಲೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 72 ಗ್ರಾಂ, ಶುದ್ಧ ನೀರು 150 ಗ್ರಾಂ.

ಈ 72 ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಮುಂದೆ ಯಾರ ಅಳತೆಯೂ ನಿಮಗೆ ಬೇಡ. ಒಂದು ಗ್ರಾಂ ಎಣ್ಣೆ ಪೂರ್ತಿ ಸಾಬೂನಾಗಲು ಎಷ್ಟು ಸೋಡಾ ಬೇಕು ಎಂಬುದಕ್ಕೆ ಪ್ರತಿ ಎಣ್ಣೆಗೂ ಒಂದು ಸಂಖ್ಯೆ ಇದೆ. ಕೊಬ್ಬರಿಗೆ ಸುಮಾರು 0.183, ಶೇಂಗಾಕ್ಕೆ 0.137, ಔಡಲಕ್ಕೆ 0.128, ಸೂರ್ಯಕಾಂತಿಗೆ 0.134. ಗುಣಿಸಿ ಕೂಡಿಸಿದರೆ 77 ಗ್ರಾಂ ಚಿಲ್ಲರೆ ಬರುತ್ತದೆ. ಅದರಿಂದ ಹತ್ತಿರ ಹತ್ತಿರ 7 ಪ್ರತಿಶತ ಕಳೆದರೆ 72. ಕೊಬ್ಬರಿಗೂ ಸೂರ್ಯಕಾಂತಿಗೂ ಎಷ್ಟು ಅಂತರವಿದೆ ನೋಡಿ. ಒಂದು ಎಣ್ಣೆ ಮುಗಿಯಿತೆಂದು ಇನ್ನೊಂದನ್ನು ಅಷ್ಟೇ ಸುರಿದರೆ ಸೋಡಾ ಉಳಿದು ಚರ್ಮ ಸುಡುವ ಸಾಬೂನಾಗುತ್ತದೆ. ಎಣ್ಣೆ ಬದಲಾದಾಗಲೆಲ್ಲ ಲೆಕ್ಕ ಹೊಸದಾಗಿ ಮಾಡಬೇಕು.

ನೀರು, ಎಣ್ಣೆ ಎಲ್ಲವೂ ತೂಕದಲ್ಲೇ. ಚಮಚ, ಲೋಟ, ಮಿಲಿಲೀಟರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡಬೇಡಿ. ಉಳಿದ ಸಾಮಾನೆಲ್ಲ ಮನೆಯಲ್ಲೇ ಸಿಗುತ್ತದೆ.

ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಸಿಡಿದು ಮುಖಕ್ಕೆ ಬರುತ್ತದೆ. ಕರಗಿದ ಮೇಲೆ 40 ಡಿಗ್ರಿ ಆಸುಪಾಸಿಗೆ ಇಳಿಯಲು ಬಿಡಿ. ಎಣ್ಣೆಯೂ ಅಷ್ಟೇ ಬೆಚ್ಚಗಿರುವಾಗ ಸೋಡಾ ನೀರನ್ನು ನಿಧಾನವಾಗಿ ಎಣ್ಣೆಗೆ ಸುರಿದು ಹ್ಯಾಂಡ್ ಬ್ಲೆಂಡರ್ ಅನ್ನು ಬಿಟ್ಟು ಬಿಟ್ಟು ಓಡಿಸಿ. ಕರೆಂಟು ಹೋದರೆ ಸೌಟಿನಿಂದ ಕಲಕಿದರೂ ಆಗುತ್ತದೆ, ಮುಕ್ಕಾಲು ತಾಸೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದು, ಸೌಟಿನಿಂದ ಬಿಟ್ಟ ಧಾರೆಯ ಗುರುತು ಮೇಲೆ ಒಂದು ಗಳಿಗೆ ನಿಂತರೆ ಅಚ್ಚಿಗೆ ಸುರಿಯಿರಿ. ತೊಳೆದ ಹಾಲಿನ ಕಾಗದದ ಡಬ್ಬಿ, ಬಟರ್ ಪೇಪರ್ ಹಾಸಿದ ಮರದ ಪೆಟ್ಟಿಗೆ, ಸಿಲಿಕಾನ್ ಅಚ್ಚು ಯಾವುದಾದರೂ ಸರಿ. ನೂರು ಗ್ರಾಂನ ಆರೇಳು ಸಾಬೂನು ಬರುತ್ತವೆ. ಮೇಲೆ ಬಿಳಿ ಪುಡಿಯಂಥ ಪದರ ಕಟ್ಟಿದರೆ ಹೆದರಬೇಡಿ, ಗಾಳಿಗೆ ತಾಗಿದ ಸೋಡಾ ಅದು, ಒರೆಸಿದರೆ ಹೋಗುತ್ತದೆ.

ಮೊದಲ ಸಲ ಪರಿಮಳ, ಬಣ್ಣ ಏನೂ ಹಾಕದೆ ಮಾಡಿ. ಎರಡನೆಯ ಸಲಕ್ಕೆ ಗಡಸು ನೀರಿನವರು ಮಾಡಬೇಕಾದ ಒಂದು ಸುಧಾರಣೆ ಇದೆ: ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಇದೇ ಅಳತೆಗೆ 8 ಗ್ರಾಂ ನಿಂಬೆ ಉಪ್ಪನ್ನು ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ 72ರ ಬದಲು 77 ಗ್ರಾಂ ಸೋಡಾ ಹಾಕಿ. ಹೆಚ್ಚಿನ 5 ಗ್ರಾಂ ಸೋಡಾ ಆ ಹುಳಿಯ ಜೊತೆ ತೀರಿಹೋಗಿ ಸೋಡಿಯಂ ಸಿಟ್ರೇಟ್ ಆಗುತ್ತದೆ. ಅದು ಬೋರ್ ನೀರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ಗಷ್ಟು ಕಡಿಮೆಯಾಗಿ ನೊರೆ ಹೆಚ್ಚುತ್ತದೆ. ನಮ್ಮ ಕಡೆಗೆ ಇದಕ್ಕಿಂತ ಅಗ್ಗದ, ಉಪಯೋಗದ ಸೇರ್ಪಡೆ ಇನ್ನೊಂದಿಲ್ಲ.

ಮಿರ್ಚಿ ಕರಿದ ಎಣ್ಣೆಯ ಬಟ್ಟೆ ಸಾಬೂನು

ಹೊಸಬರಿಗೆ ನಾನು ಮನಸ್ಸಿಟ್ಟು ಹೇಳುವ ಆಯ್ಕೆ ಇದು. ಮೈ ಸಾಬೂನಿನಿಂದಲೇ ಶುರು ಮಾಡಬೇಕೆಂದೇನೂ ಇಲ್ಲ. ಮಂಡಕ್ಕಿ ಮಿರ್ಚಿ ಇಲ್ಲದ ಸಂಜೆ ನಮ್ಮಲ್ಲಿ ಎಲ್ಲಿದೆ? ಮನೆಯಲ್ಲಿ ಕರಿದು ಉಳಿದ ಎಣ್ಣೆ, ಓಣಿಯ ಬಜ್ಜಿ ಬಂಡಿಯ ಎಣ್ಣೆ ಮತ್ತೆ ಮತ್ತೆ ಕಾದು ಕಪ್ಪಾಗುತ್ತದೆ. ಹೀಗೆ ಕಾದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬ ಕೆಟ್ಟ ಅಂಶ 25 ಪ್ರತಿಶತ ಮೀರಿದರೆ ಅಡುಗೆಗೆ ಬಳಸಬಾರದೆಂಬ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಇದೆ. ಅಂಥದ್ದನ್ನು ಚರಂಡಿಗೆ ಚೆಲ್ಲುವ ಬದಲು ಬಟ್ಟೆ, ಪಾತ್ರೆಯ ಸಾಬೂನು ಮಾಡಬಹುದು. ಹದ ಕೆಟ್ಟರೂ ನಷ್ಟವಿಲ್ಲ, ಕೈ ಪಳಗುತ್ತದೆ.

ಎಣ್ಣೆಯನ್ನು ಒಂದು ರಾತ್ರಿ ಬಿಟ್ಟು, ತಳದ ಕಪ್ಪು ಉಳಿಸಿ, ಮೇಲಿನದನ್ನು ಹಳೆ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ. ಅದರ 350 ಗ್ರಾಂಗೆ 150 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ, 70 ಗ್ರಾಂ ಸೋಡಾ, 150 ಗ್ರಾಂ ನೀರು. ಬಜ್ಜಿ ಬಂಡಿಯ ಎಣ್ಣೆ ಸೂರ್ಯಕಾಂತಿಯೋ ಪಾಮೋ ಗೊತ್ತಿರುವುದಿಲ್ಲ. ಅದಕ್ಕೇ ಕಡಿಮೆ ಸೋಡಾ ಬೇಡುವ ಎಣ್ಣೆಯ ಲೆಕ್ಕ ಹಿಡಿದಿದ್ದೇನೆ. ಇದನ್ನು ಹಾಟ್ ಪ್ರೊಸೆಸ್‌ನಲ್ಲಿ ಬೇಯಿಸುವುದೇ ಮೇಲು, ಮೆಣಸಿನಕಾಯಿಯ ವಾಸನೆ ಸ್ವಲ್ಪ ಹಾರಿಹೋಗುತ್ತದೆ. ಮೈಗೆ ಹಚ್ಚಬೇಡಿ.

ಕಾಸ್ಟಿಕ್ ಜೊತೆ ನಡೆದುಕೊಳ್ಳುವ ರೀತಿ

ಇದರಲ್ಲಿ ಆಯ್ಕೆಯಿಲ್ಲ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ತುಂಬು ತೋಳು, ಕಾಲಿಗೆ ಚಪ್ಪಲಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ಕರಗಿಸುವಾಗ ಬರುವ ಹಬೆ ಮೂಗು, ಗಂಟಲು ಸುಡುತ್ತದೆ. ಅದನ್ನು ಹಿತ್ತಲಲ್ಲೋ ಕಿಟಕಿಯ ಬಳಿಯೋ ಮುಖ ಹಿಂದೆ ಇಟ್ಟು ಮಾಡಿ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ, ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಸರಿ, ದಪ್ಪ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಜಗ್ಗು ಸರಿ. ಗಾಜು ಶಾಖಕ್ಕೆ ಸೀಳಬಹುದು. ಇದಕ್ಕೆ ಬಳಸಿದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬೇಡ.

ಚರ್ಮಕ್ಕೆ ತಾಗಿದರೆ ಹುಳಿ, ಮಜ್ಜಿಗೆ, ನಿಂಬೆರಸ ಎಂದು ಹುಡುಕುತ್ತ ಹೊತ್ತು ಕಳೆಯಬೇಡಿ. ಹರಿಯುವ ನೀರಿನಲ್ಲಿ 15–20 ನಿಮಿಷ ಬಿಡದೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ತಡ ಮಾಡದೆ ಆಸ್ಪತ್ರೆಗೆ ಹೋಗಿ. ನುಂಗಿದರೆ ವಾಂತಿ ಮಾಡಿಸಬೇಡಿ, ಏರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಹಳುಕು ಮಗುವಿನ ಕಣ್ಣಿಗೆ ಸಕ್ಕರೆ, ಕರಗಿದ ನೀರು ದೊಡ್ಡವರ ಕಣ್ಣಿಗೂ ಕುಡಿಯುವ ನೀರು. ಅಡುಗೆಮನೆಯ ಡಬ್ಬಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಯಾವತ್ತೂ ಇಡಬಾರದು. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕೆಂಪಕ್ಷರದ ಚೀಟಿ, ಬೀಗ ಹಾಕಿದ ಕಪಾಟು. ಇಷ್ಟು ಏರ್ಪಾಡು ಆಗದ ಮನೆಯವರು ಬೇಸ್ ಕರಗಿಸುವ ವಿಧಾನದಲ್ಲೇ ಇರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮಾರುವ ಯೋಚನೆ ಇದ್ದರೆ

ಸ್ವಸಹಾಯ ಸಂಘದವರು ಇದನ್ನು ಕೇಳಿಯೇ ಕೇಳುತ್ತಾರೆ. ಮೈ ಸಾಬೂನು ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ. ಮಾರಾಟಕ್ಕೆ ತಯಾರಿಸಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಬೇಕು. ಸಂತೆಯಲ್ಲಿ ಇಟ್ಟು ಮಾರುವ ಮೊದಲು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಯಲ್ಲಿ ವಿಚಾರಿಸಿ. ಇಸುಬು, ಮೊಡವೆ ವಾಸಿಯಾಗುತ್ತದೆ ಎಂದು ಬರೆಯಬೇಡಿ. ನಾವು ಮಾಡುವ ಯಾವ ಸಾಬೂನೂ ಕ್ಷಾರವೇ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ, ಎಳೆ ಕೂಸುಗಳಿಗಂತೂ ಬೇಡ.

ಮನೆಯಲ್ಲಿ ಬಳಸಲು, ನೆಂಟರಿಗೆ ಕೊಡಲು ಅಡ್ಡಿಯಿಲ್ಲ. ಕೊಡುವ ಮೊದಲು ಒಂದು ತುಂಡನ್ನು ನೀವೇ ಒಂದು ವಾರ ಬಳಸಿ ನೋಡಿ. ಕೊಡುವಾಗ ಯಾವ ಯಾವ ಎಣ್ಣೆ ಹಾಕಿದೆ, ಯಾವ ತಾರೀಖಿಗೆ ಕತ್ತರಿಸಿದ್ದು ಎಂದು ಚೀಟಿ ಬರೆದು ಜೊತೆಗಿಡಿ. ಶೇಂಗಾ ಮೈಗೆ ಆಗದವರು ನಮ್ಮ ನಡುವೆಯೂ ಇರುತ್ತಾರೆ. ಅವರಿಗೆಂದೇ ಮಾಡುವುದಾದರೆ ಶೇಂಗಾ ಬಿಟ್ಟು ಅಕ್ಕಿ ತೌಡಿನ ಎಣ್ಣೆ ಹಾಕಿ, ಸೋಡಾ ಲೆಕ್ಕ ಮತ್ತೆ ಮಾಡಿಕೊಳ್ಳಿ.